ಬೂಟು ಬರುವವರೆಗೆ

ಆ ಶಾಲೆಯ ನಾಟಕದ ಪರದೆ ತೆರೆಯುವುದಕ್ಕೆ ಆವತ್ತು ಏಳು ಆನೆ ತರಿಸಿದರು. ಆನೆಗಳು ಎಳೆದೂ ಎಳೆದೂ ಬಾಯಲ್ಲಿ ನೊರೆ ಕಾರಿ ಮಲಗಿಬಿಟ್ಟವು. ಆಮೇಲೆ ಕ್ರೇನು ಬಂತು. ಕ್ರೇನಿನ ಕೊಕ್ಕೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಮಡಿಚಿಕೊಂಡಿತು. ಕೊನೆಗೆ ಮಂತ್ರಿಗಳೇ ಕೋಟು ಬಿಚ್ಚಿಟ್ಟು ಹಗ್ಗಕ್ಕೆ ಕೈಹಾಕಿದರು. ಅವರ ಅಂಗೈ ಸುಲಿದದ್ದು ಇನ್ನೂ ಮಾಗಿಲ್ಲ. ಅದಕ್ಕೇ ಅವರು ಈಗ ಯಾವ ಕಾಗದಕ್ಕೂ ಸಹಿ ಹಾಕುತ್ತಿಲ್ಲ. ಹಗ್ಗದ ಇನ್ನೊಂದು ತುದಿಯಲ್ಲಿ ಇದ್ದದ್ದು ಯಾರು? ಬುರುಡೆಯ ಮಗಳು. ಐದನೇ ಕ್ಲಾಸು. ಮಳೆಯಲ್ಲಿ ನೆನೆದು ಬಂದರೆ ಮೈಗಿಂತ ಬಟ್ಟೆಯೇ ಹೆಚ್ಚು ತೂಗುವಂಥ ಹುಡುಗಿ.

ಬುರುಡೆ ಕಥೆ ಶುರುಮಾಡುವುದೇ ಹೀಗೆ.

ಊರಿನ ಒಳಚರಂಡಿಗೆ ಇಳಿದು, ಕಟ್ಟಿಕೊಂಡದ್ದನ್ನು ಬಿಡಿಸುವುದು ಅವನ ಕೆಲಸ. ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಅದನ್ನು ಕರೆಯುವವರು ಸತ್ತುಹೋದರು. ಬುರುಡೆ ಬಿಡುತ್ತಾನೆ, ಅದಕ್ಕೆ ಬುರುಡೆ. ಬಿಡದೆ ಏನು ಮಾಡಿಯಾನು? ಗುಂಡಿಯೊಳಗೆ ಬಾಯಿ ತೆರೆಯುವ ಹಾಗಿಲ್ಲ. ಊರಿನವರ ಹೊಟ್ಟೆಯೊಳಗಿನದು ಕುತ್ತಿಗೆಯವರೆಗೆ ನಿಂತಿರುತ್ತದೆ. ತುಟಿ ಹೊಲಿದುಕೊಂಡು, ಮೂಗಿನ ತುದಿಯಲ್ಲಿ ಚೂರೇ ಚೂರು ಉಸಿರೆಳೆದುಕೊಂಡು, ಕಾಲಿನಿಂದ ತಡಕಿ, ಕೈಯಿಂದ ಬಗೆದು ತೆಗೆಯಬೇಕು. ಅಷ್ಟೂ ಹೊತ್ತು ಮುಚ್ಚಿದ್ದ ಬಾಯನ್ನು ಅವನು ಮೇಲೆ ಬಂದ ಮೇಲೆ ಬಡ್ಡಿ ಸೇರಿಸಿ ತೆರೆಯುತ್ತಾನೆ.

ತೆರೆಯುವ ಜಾಗ ಚರಂಡಿ ಲಾರಿಗಳು ನಿಲ್ಲುವ ಶೆಡ್ಡು. ಸಂಜೆ ಕೆಲಸ ಬಿಟ್ಟವರು ಸಿಮೆಂಟು ಪೈಪುಗಳ ಮೇಲೆ ಕೂರುತ್ತಾರೆ. ಎರಡು ಲಾರಿಗಳ ನಡುವೆ ಒಂದು ಹಗ್ಗ, ಹಗ್ಗದ ಮೇಲೆ ಹರಿದ ಟಾರ್ಪಾಲು. ಟಾರ್ಪಾಲಿನ ಹಿಂದೆ ಮಕ್ಕಳು ನಾಟಕಕ್ಕೆ ಸಜ್ಜಾಗುತ್ತಿರುತ್ತವೆ. ಅವು ಸಜ್ಜಾಗುವವರೆಗೆ ಜನ ಎದ್ದುಹೋಗದ ಹಾಗೆ ಹಿಡಿದು ಕೂರಿಸುವುದು ಬುರುಡೆ ತನಗೆ ತಾನೇ ಕೊಟ್ಟುಕೊಂಡ ಉದ್ಯೋಗ. ಮುಂದೆಯೇ ಕೂತಿರುತ್ತಾನೆ ಅವನ ಭಾಮೈದ, ಹೆಂಡತಿಯ ತಮ್ಮ. ಭಾವ ಗುಂಡಿಯೊಳಗಿದ್ದಾಗ ಸೊಂಟದ ಹಗ್ಗ ಹಿಡಿದು ಮೇಲೆ ನಿಲ್ಲುವವನು ಇವನೇ. ಭಾವ ಹೊರಗಿದ್ದಾಗ ಅವನ ಮಾತಿಗೆ ಕತ್ತರಿ ಹಿಡಿಯುವವನೂ ಇವನೇ.

‘ಆನೆ ಬಂದ ಜಾಗಕ್ಕೆ ಹೋಗೋ ಮುಂಚೆ ಬೂಟಿನ ವಿಷಯ ಹೇಳು ಭಾವ’ ಎನ್ನುತ್ತಾನೆ. ಬೂಟಿಲ್ಲದೆ ಕಥೆಗೆ ಕಾಲಿಲ್ಲ.

ಬೂಟು ಎಂದರೆ ಮಂಡಿಯವರೆಗೆ ಬರುವ ಕಪ್ಪು ರಬ್ಬರಿನ ಬೂಟು. ಬುರುಡೆ ಹೇಳುವ ಪ್ರಕಾರ ಅಂಥವು ಪ್ರಪಂಚದಲ್ಲಿ ಎರಡೇ ಇವೆ: ಒಂದು ಅವನ ಎಡಗಾಲಿನದು, ಇನ್ನೊಂದು ಬಲಗಾಲಿನದು. ಹುಲಿ ಕಚ್ಚಿದರೆ ಹುಲಿಯ ಹಲ್ಲು ಉದುರುತ್ತದೆ. ಹಾವು ಕಚ್ಚಿದರೆ ಹಾವಿಗೇ ವಿಷವೇರುತ್ತದೆ. ಅವು ಬರುವ ಮುಂಚೆ ಎಲ್ಲರೂ ಬರಿಗಾಲಲ್ಲೇ ಇಳಿಯುತ್ತಿದ್ದರು. ಒಳಗೆ ಏನಿದೆ ಎಂದು ಚುಚ್ಚಿದ ಮೇಲೆ ಗೊತ್ತಾಗುತ್ತಿತ್ತು. ಬ್ಲೇಡು, ಸೂಜಿ, ಬಾಟಲಿ ಚೂರು. ಒಬ್ಬನ ಪಾದ ಕುಂಬಳಕಾಯಿಯ ಹಾಗೆ ಊದಿತು. ಆಮೇಲೆ ಕಪ್ಪಾಯಿತು. ಆಮೇಲೆ ಮಂಡಿಯ ಕೆಳಗೆ ಕಾಲೇ ಇಲ್ಲದಾಯಿತು. ಈ ಮಾತಿನಲ್ಲಿ ಬುರುಡೆ ಇಲ್ಲ. ಆ ಮನುಷ್ಯ ಇಲ್ಲೇ ಪೈಪಿನ ಮೇಲೆ ಕೂತಿದ್ದಾನೆ, ಬೇಕಾದರೆ ನೋಡಿಕೊಳ್ಳಿ.

ಅವನ ಕಾಲು ಹೋದ ದಿನ ಎಲ್ಲರೂ ಪುರಸಭೆ ಕಚೇರಿಯ ಮುಂದಿನ ಗುಂಡಿಗಳ ಮುಚ್ಚಳ ತೆಗೆದಿಟ್ಟು ಪಕ್ಕದಲ್ಲಿ ಕೂತರು. ಬೂಟು ಬರುವವರೆಗೆ ಇಳಿಯುವುದಿಲ್ಲ ಎಂದರು. ಕಚೇರಿ ಮೂಗು ಮುಚ್ಚಿಕೊಂಡಿತು. ಮೂಗು ಮುಚ್ಚಿಕೊಂಡ ಮೇಲೆ ಕಣ್ಣು ತೆರೆಯಿತು. ಬೂಟು ಬಂತು, ಇಬ್ಬರಿಗೆ ಒಂದು ಜೊತೆ. ಒಂದು ಗುಂಡಿಗೆ ಒಬ್ಬನೇ ತಾನೆ ಇಳಿಯುವುದು? ಹಾಗಾಗಿ ಭಾವನಿಗೂ ಭಾಮೈದನಿಗೂ ಸೇರಿ ನಾಲ್ಕು ಕಾಲು, ಎರಡು ಬೂಟು.

ಇನ್ನು ಶಾಲೆ. ಅದರ ಗೇಟಿನ ಮೇಲೆ ‘ಕಲೆಯಲ್ಲಿ ಕಲಿಕೆ’ ಎಂದು ಬಣ್ಣಬಣ್ಣದ ಬೋರ್ಡು. ಅಲ್ಲಿ ಪಾಠವನ್ನು ಪಾಠದ ಹಾಗೆ ಹೇಳಿದರೆ ಮೇಷ್ಟರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರಂತೆ. ಭಾಗಾಕಾರವನ್ನು ಕುಣಿಸಿ ಕಲಿಸುತ್ತಾರೆ. ನದಿಗಳನ್ನು ಹಾಡಿಸಿ ಕಲಿಸುತ್ತಾರೆ. ಹೃದಯವನ್ನು ಜೇಡಿಮಣ್ಣಿನಲ್ಲಿ ಮಾಡಿಸುತ್ತಾರೆ. ಆ ಶಾಲೆಯಲ್ಲಿ ಹೃದಯ ಬೇಕಿದ್ದರೆ ಕಪಾಟಿನಲ್ಲೇ ನೋಡಬೇಕು, ಬೇರೆ ಕಡೆ ಹುಡುಕಿ ಸುಸ್ತಾಗಬೇಡಿ.

ಸರ್ಕಾರದ ಬಲವಂತಕ್ಕೆ ಒಂದಿಷ್ಟು ಬಡ ಮಕ್ಕಳನ್ನೂ ಸೇರಿಸಿಕೊಂಡಿದ್ದರು. ಅವರಿಗೆ ಹಿಂದೆ ಒಂದು ಬೆಂಚು. ಹೆಸರು ಬಿಟ್ಟಿ ಬೆಂಚು. ಮುಂದಿನವರು ಚಿತ್ರ ಬರೆದರೆ ಬಿಟ್ಟಿ ಬೆಂಚು ಕುಂಚ ತೊಳೆಯುತ್ತಿತ್ತು. ಮುಂದಿನವರು ಹೃದಯ ಮಾಡಿದರೆ ಬಿಟ್ಟಿ ಬೆಂಚು ಮಣ್ಣು ಕಲಸುತ್ತಿತ್ತು. ಮುಂದಿನವರು ಕುಣಿದು ಹೋದ ಮೇಲೆ ಉದುರಿದ ಮಿಂಚಿನ ಚೂರು ಗುಡಿಸುತ್ತಿತ್ತು. ಅದಕ್ಕೂ ಒಂದು ಹೆಸರಿಟ್ಟಿದ್ದರು, ಸೇವಾ ಕಲೆ. ಬುರುಡೆಯ ಮಗಳು ಅದರಲ್ಲಿ ಕ್ಲಾಸಿಗೇ ಮೊದಲು. ನನ್ನ ಮಗಳು ಕಲೆಯಲ್ಲಿ ಫಸ್ಟು ಎಂದು ಬುರುಡೆ ಶೆಡ್ಡಿನಲ್ಲೆಲ್ಲ ಸಾರಿದ. ಯಾವ ಕಲೆಯೇ ಎಂದು ಹೆಂಡತಿ ಮಗಳನ್ನು ಕೇಳಿದಳು. ಮಗಳು ಕೈ ಚಾಚಿದಳು. ಬೆರಳ ಸಂದಿಯಲ್ಲಿ ಸೋಪಿಗೆ ಚರ್ಮ ಬಿರಿದಿತ್ತು.

ಕ್ಲಾಸಿನಲ್ಲಿ ಅವಳನ್ನು ಮೂಗಿ ಎನ್ನುತ್ತಿದ್ದರು. ಏನು ಕೇಳಿದರೂ ನೆಲ ನೋಡುತ್ತಿದ್ದಳು. ಕಾಲು, ಅರ್ಧ, ಮುಕ್ಕಾಲು ಎಂದರೆ ತಲೆಗೆ ಹತ್ತುತ್ತಿರಲಿಲ್ಲ. ಗಣಿತದವರು ಸ್ಕೇಲಿನ ಅಂಚಿನಿಂದ ಬೆರಳ ಗೆಣ್ಣಿಗೆ ಬಾರಿಸಿ ಕಲಿಸಿ ನೋಡಿದರು. ಬಿಟ್ಟಿ ಬೆಂಚಿಗೆ ಆ ಶಾಲೆಯಲ್ಲಿ ಸಿಕ್ಕ ಸಂಗೀತ ಅದೊಂದೇ.

ಹೀಗಿರುವಾಗ ಶಾಲೆಗೆ ನಾಟಕದ ಹುಚ್ಚು ಹಿಡಿಯಿತು. ಹೆಸರು ‘ಚೊಕ್ಕ ಮಾಡುವ ಕೈಗೆ ನಮನ’. ಕಥೆಯ ನಾಯಕ ಚರಂಡಿ ಕೆಲಸದವನು. ಆ ಪಾತ್ರ ಡಾಕ್ಟರ ಮಗನಿಗೆ. ಮಂತ್ರಿಗಳು ನೋಡಲು ಬರುತ್ತಾರೆ ಎಂದಾಯಿತು. ಹೆಡ್ ಮೇಡಂ ಬುರುಡೆಗೆ ಬರಹೇಳಿದರು.

ಬುರುಡೆ ಹೇಳುವಾಗ ಅವನಿಗೆ ಅಲ್ಲಿ ಮೆತ್ತನೆಯ ಕುರ್ಚಿ ಹಾಕಿ, ಎರಡು ಕಡೆ ನಿಂತು ಗಾಳಿ ಬೀಸಿರುತ್ತಾರೆ. ಹೋಗಲಿ ಬಿಡಿ. ಬಾಗಿಲ ಹೊರಗೆ ನಿಲ್ಲಿಸಿದರು. ಫ್ಯಾನು ಜೋರು ಮಾಡಿದರು. ಜವಾನ ಸುವಾಸನೆಯ ಡಬ್ಬಿ ತಂದು ಹೊಸಿಲ ಮೇಲೆ ಪುಸ್ ಎಂದು ಹೊಡೆದ. ನಾಟಕ ನೈಜವಾಗಿರಬೇಕು, ನಿಮ್ಮ ಬೂಟು, ಕೋಟು, ಟೋಪಿ ಬೇಕು ಎಂದು ಹೆಡ್ ಮೇಡಂ ಹೇಳಿದರು. ತೊಳೆದು ತನ್ನಿ, ನಾವೂ ಒಮ್ಮೆ ತೊಳೆಯುತ್ತೇವೆ ಎಂದರು. ಬುರುಡೆ ತಲೆ ಕೆರೆದುಕೊಂಡ. ಕೊಡಬಹುದು, ಆದರೆ ನನ್ನ ಮಗಳಿಗೂ ನಾಟಕದಲ್ಲಿ ಒಂದು ಪಾತ್ರ ಬೇಕು ಎಂದ. ಪಕ್ಕದಲ್ಲಿ ನಿಂತಿದ್ದ ನಾಟಕದ ಟೀಚರಿಗೆ ಸ್ವಲ್ಪ ಧೈರ್ಯ ಬಂತು. ಆ ಹುಡುಗಿಗೆ ನಾಯಕನ ಮಾತೆಲ್ಲ ಬಾಯಿಪಾಠ ಮೇಡಂ, ಕುರ್ಚಿ ಜೋಡಿಸುತ್ತಾ ಕಲಿತಿದ್ದಾಳೆ ಎಂದರು.

ಹೆಡ್ ಮೇಡಂ ಕನ್ನಡಕ ತೆಗೆದರು. ‘ಚರಂಡಿಯವನ ಮಗಳು ಚರಂಡಿಯವನ ಪಾತ್ರ ಮಾಡಿದ್ರೆ ಅದರಲ್ಲಿ ಕಲೆ ಎಲ್ಲಿ ಬಂತು? ಅದು ಮನೆ ಬುದ್ಧಿ.’

‘ಹಂಗಾದ್ರೆ ಡಾಕ್ಟರ್ ಪಾತ್ರ ಕೊಡಿ ಅಮ್ಮ’ ಎಂದ ಬುರುಡೆ.

‘ಅದಕ್ಕೆ ಮುಖದಲ್ಲಿ ಕಳೆ ಬೇಕಪ್ಪ.’

ಎಲ್ಲರೂ ನಕ್ಕರು. ಬುರುಡೆಯೂ ನಕ್ಕ. ನಗದಿದ್ದರೆ ಮಾತು ಮುಗಿದುಹೋಗುತ್ತಿತ್ತು. ಕೊನೆಗೆ ಅವಳಿಗೆ ಪರದೆಯ ಹಗ್ಗ ಸಿಕ್ಕಿತು. ಪರದೆಯಿಲ್ಲದೆ ನಾಟಕವಿಲ್ಲ, ನಿನ್ನ ಮಗಳೇ ಎಲ್ಲರಿಗಿಂತ ಮೊದಲು ಎಂದು ಒಪ್ಪಿಸಿ ಕಳಿಸಿದರು. ಬುರುಡೆ ಬೂಟು ಕೊಟ್ಟ. ಶೆಡ್ಡಿಗೆ ಬಂದು, ಮಗಳದ್ದು ಮುಖ್ಯಪಾತ್ರ ಎಂದ.

‘ನಮ್ಮ ವಂಶಕ್ಕೇ ಹಗ್ಗ ಬರೆದಿಟ್ಟಿದೆ’ ಎಂದ ಭಾಮೈದ. ‘ಬೂಟು ಯಾವಾಗ ವಾಪಸ್ಸು?’

‘ನಾಟಕ ಮುಗಿದ ಮೇಲೆ. ಅಲ್ಲೀವರೆಗೆ ಊರಿಗೆ ಮಲಬದ್ಧತೆ ಬರಲಿ ಅಂತ ಹರಕೆ ಹೊತ್ತುಕೋ.’

ಊರಿಗೆ ಬರಲಿಲ್ಲ. ಎಂಟು ದಿನ ಇಬ್ಬರೂ ಕಾಲಿಗೆ ಗೋಣಿತಾಟು ಸುತ್ತಿಕೊಂಡು ಇಳಿದರು.

ಆದರೆ ಆ ಹಗ್ಗ ಮಾಡಿದ ಕೆಲಸ ನೋಡಿ. ಕಾಲು ಪರದೆ, ಅರ್ಧ ಪರದೆ, ಮುಕ್ಕಾಲು ಪರದೆ ಎಂದು ನಾಟಕದ ಟೀಚರ್ ಕೂಗುತ್ತಿದ್ದರು. ಸ್ಕೇಲಿನ ಅಂಚಿನಿಂದ ಹೋಗದೆ ಇದ್ದದ್ದು ಹಗ್ಗದ ಗುಂಟ ತೋಳಿಗೆ ಹೋಯಿತು, ತೋಳಿನಿಂದ ತಲೆಗೆ ಹೋಯಿತು. ಮನೆಯಲ್ಲಿ ದುಪ್ಪಟಿ ಕಟ್ಟಿಕೊಂಡು ಎಳೆಯತೊಡಗಿದಳು. ಅರ್ಧದಲ್ಲಿ ಅರ್ಧ ಅಂದ್ರೆ ಕಾಲು ನೋಡಮ್ಮ ಎನ್ನುವಳು. ಪೂರ್ತಿ ತೆಗಿಯೇ, ಸೆಕೆ ಎನ್ನುವಳು ತಾಯಿ. ಹಗ್ಗದ ಹಿಂದೆ ನಿಂತು ಅವಳು ಮಾತೆಲ್ಲ ಕೇಳಿಸಿಕೊಂಡಳು. ಪರಕಾಯ ಪ್ರವೇಶ ಮಾಡು, ಚರಂಡಿಯವನ ಮೈಯೊಳಗೆ ಹೋಗು ಎಂದು ಟೀಚರ್ ಡಾಕ್ಟರ ಮಗನಿಗೆ ಹೇಳುತ್ತಿದ್ದರು. ಅವನು ಪಾಪ ಚರಂಡಿಯವನ ಮೈಯೊಳಗೆ ಹೋಗಲು ಸಿದ್ಧ, ಚರಂಡಿಯೊಳಗೆ ಇಳಿ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ‘ದನಿ ಹೊಟ್ಟೆಯಿಂದ ಬರಲಿ. ಕೊನೇ ಸಾಲಿನಲ್ಲಿ ಕೂತವರಿಗೂ ಕೇಳಬೇಕು’ ಎನ್ನುತ್ತಿದ್ದರು ಟೀಚರ್. ಡಾಕ್ಟರ ಮಗನ ದನಿ ಮೂರನೇ ಸಾಲಿನಲ್ಲಿ ಸುಸ್ತಾಗಿ ಕೂರುತ್ತಿತ್ತು. ಹುಡುಗಿ ಮನೆಗೆ ಬಂದು, ದುಪ್ಪಟಿಯ ಹಿಂದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಉಸಿರು ತುಂಬುತ್ತಿದ್ದಳು. ದನಿ ಮಾತ್ರ ಹೊರಗೆ ಬಿಡುತ್ತಿರಲಿಲ್ಲ. ಪಕ್ಕದ ಮನೆಯವರು ಏನೆಂದಾರು?

ಇನ್ನು ನಾಟಕದ ದಿನ. ಇಲ್ಲಿಗೆ ಬಂದರೆ ಬುರುಡೆಯ ಎದೆ ಪೈಪಿನಷ್ಟು ಅಗಲವಾಗುತ್ತದೆ. ಅವನು ಮೊದಲನೇ ಸಾಲಿನಲ್ಲಿ, ಮಂತ್ರಿಗಳ ಪಕ್ಕದಲ್ಲಿ ಕೂತಿದ್ದ. ಮಂತ್ರಿಗಳೇ ಜರುಗಿ ಜಾಗ ಕೊಟ್ಟರು. ಎದುರಿಗೆ ಕೆಂಪು ಮಕಮಲ್ಲಿನ ಪರದೆ, ಆಕಾಶದಷ್ಟು ಎತ್ತರ, ಚಿನ್ನದ ಅಂಚು. ಮಕ್ಕಳ ಬಾಯಿ ತೆರೆಸುವುದೇ ಕಲೆಯ ಕೆಲಸ ಎಂದು ಹೆಡ್ ಮೇಡಂ ಭಾಷಣ ಮಾಡಿದರು. ಗಂಟೆ ಹೊಡೆಯಿತು. ಪರದೆ ತೆರೆಯಲಿಲ್ಲ. ಮತ್ತೆ ಹೊಡೆಯಿತು. ತೆರೆಯಲಿಲ್ಲ. ಒಳಗಿನಿಂದ ಗುಡುಗಿನ ಹಾಗೆ ಮಗಳ ದನಿ ಬಂತು: ಅಪ್ಪನ ಬೂಟು ಕೊಡಿ, ಬೂಟು ಬರುವವರೆಗೆ ಪರದೆ ತೆಗೆಯುವುದಿಲ್ಲ. ಕಿಟಕಿಯ ಗಾಜು ಒಡೆದವು. ಮಂತ್ರಿಗಳ ಕನ್ನಡಕ ಹಾರಿಹೋಯಿತು. ಆಗ ಆನೆಗಳು ಬಂದವು, ಕ್ರೇನು ಬಂತು, ಅದು ಆಗಲೇ ಹೇಳಿಯಾಯಿತು. ಬುರುಡೆ ಎದ್ದು ನಿಂತ. ಸಭೆಗೆ ಬೆನ್ನು ಹಾಕಿದ. ತಿರುಗಿದ. ನನ್ನ ಬೂಟಿಲ್ಲದೆ ನಿಮ್ಮ ನಾಟಕವಿಲ್ಲ, ನಾನಿಲ್ಲದೆ ನಿಮ್ಮ ಊರಿಲ್ಲ ಎಂದ. ಮಂತ್ರಿಗಳು ಎದ್ದು ಕೈಮುಗಿದರು. ಬೂಟನ್ನು ಬೆಳ್ಳಿಯ ಹರಿವಾಣದಲ್ಲಿಟ್ಟುಕೊಂಡು ಹೆಡ್ ಮೇಡಂ ತಾವೇ—

‘ಪರದೆ ನೀಲಿ ಅಪ್ಪ.’

ಟಾರ್ಪಾಲಿನ ಹಿಂದಿನಿಂದ ಮಗಳ ದನಿ. ಪೈಪುಗಳ ಮೇಲೆ ನಗು ಎದ್ದಿತು.

‘ಕೆಂಪೇ. ದೀಪದ ಬೆಳಕಿಗೆ ನಿನಗೆ ಹಾಗೆ ಕಂಡಿರುತ್ತೆ.’

‘ಎಂಟು ದಿನ ಎಳೆದಿದ್ದೀನಿ. ನೀಲಿ. ಅಂಚೂ ಇಲ್ಲ, ತೂತು ಇದೆ. ಆ ತೂತಿನಿಂದ ಮೊದಲನೇ ಸಾಲು ನೋಡಿದ್ದೀನಿ. ನೀನು ಅಲ್ಲಿರಲಿಲ್ಲ.’ ಟಾರ್ಪಾಲು ಸರಿಯಿತು. ಅವಳು ಮುಖ ಹೊರಗೆ ಹಾಕಿದಳು. ‘ಎಲ್ಲಿದ್ದೆ ಹೇಳು ಎಲ್ಲರಿಗೂ.’

ಬುರುಡೆ ಭಾಮೈದನ ಮುಖ ನೋಡಿದ. ಭಾಮೈದ ಮಾತಿನ ಹಗ್ಗ ಸಡಿಲ ಬಿಟ್ಟ. ‘ಹೇಳಿಬಿಡು ಭಾವ. ಇಲ್ಲಿ ನಮ್ಮೋರೇ ಇರೋದು.’

ಬುರುಡೆ ಹೇಳಿದ. ನಿಜ ಹೇಳುವಾಗ ಅವನ ಮಾತು ಗಿಡ್ಡವಾಗುತ್ತದೆ.

ನಾಟಕದ ದಿನವೇ ಶಾಲೆಯ ಕಕ್ಕಸು ಕಟ್ಟಿಕೊಂಡಿತು. ಬಂದ ಜನ ಹೆಚ್ಚು. ನೀರು ಮೇಲೆ ಬಂತು. ಕಚೇರಿಗೆ ಫೋನು ಹೋಯಿತು. ಕಚೇರಿ ಭಾವ ಭಾಮೈದರನ್ನು ಕಳಿಸಿತು. ಹಿಂದಿನ ಬಾಗಿಲಿಂದ ಬನ್ನಿ, ಮಂತ್ರಿಗಳ ಕಣ್ಣಿಗೆ ಬೀಳಬೇಡಿ ಎಂದರು. ಗುಂಡಿ ಇದ್ದದ್ದು ರಂಗದ ಹಿಂಬದಿಯ ಗೋಡೆಗೆ ಅಂಟಿಕೊಂಡೇ. ರಂಗದ ಪಕ್ಕದ ಬಾಗಿಲು ತೆರೆದಿತ್ತು. ಒಳಗೆ ಡಾಕ್ಟರ ಮಗ ಬೂಟು ಹಾಕಿಕೊಂಡು ನಿಂತಿದ್ದ. ಪಾದಕ್ಕೆ ಪ್ಲಾಸ್ಟಿಕ್ ಚೀಲ, ಅದರ ಮೇಲೆ ಬೂಟು. ಬುರುಡೆಯ ಹೆಂಡತಿ ಉಜ್ಜಿ ಉಜ್ಜಿ ತೊಳೆದಿದ್ದಳು. ಶಾಲೆಯವರು ಮತ್ತೆ ಔಷಧಿ ಹಾಕಿ ತೊಳೆದಿದ್ದರು. ಆಮೇಲೆ, ನೈಜವಾಗಿ ಕಾಣಲೆಂದು, ಕಂದು ಬಣ್ಣ ಕಲಸಿ ಅದರ ಮೇಲೆ ಕೊಳೆ ಬರೆದಿದ್ದರು.

ಬುರುಡೆ ಬಾಗಿಲಲ್ಲಿ ನಿಂತು ಕೇಳಿದ. ಇದೊಂದು ಗುಂಡಿ ಇಳಿದು ಬರುತ್ತೇನೆ, ಬೂಟು ಕೊಟ್ಟಿರಿ ಎಂದ.

‘ಈಗ ತಾನೆ ಕೊಳೆ ಬಳಿದು ಒಣಗಿಸಿದ್ದೀವಿ’ ಎಂದರು ಹೆಡ್ ಮೇಡಂ. ‘ನೀರಿಗೆ ಇಳಿದ್ರೆ ಕೊಳೆ ಹೋಗುತ್ತೆ. ಒಂದು ದಿನ ಹಾಗೇ ಇಳೀರಿ.’

ಇಳಿದ. ಗೋಣಿತಾಟು ಒಳಗೆ ಬಿಚ್ಚಿಹೋಯಿತು. ಬಾಟಲಿಯ ಬುಡ ಅಂಗಾಲಿಗೆ ಹೊಕ್ಕಿತು. ಕೂಗಲಿಲ್ಲ. ಕೂಗಲು ಬಾಯಿ ತೆರೆಯಬೇಕು. ಹಗ್ಗ ಜಗ್ಗಿದ. ಭಾಮೈದ ಮೇಲೆಳೆದ. ಬಾಗಿಲಲ್ಲಿ ಪರದೆಯ ಹಗ್ಗದ ಹತ್ತಿರ ನಿಂತಿದ್ದ ಮಗಳು ನೋಡಿದಳು. ಓಡಿಬಂದಳು. ಬರಿಗೈಯಲ್ಲಿ ಅಪ್ಪನ ಪಾದ ಹಿಡಿದಳು. ಗಾಜು ಕಿತ್ತಳು. ಜಡೆಯ ರಿಬ್ಬನ್ನು ಬಿಚ್ಚಿ ಕಟ್ಟಿದಳು. ಅಪ್ಪ ಎದ್ದು ಮತ್ತೆ ಇಳಿದ. ಕೆಲಸ ಮುಗಿದಿರಲಿಲ್ಲ.

ಒಳಗೆ ಗಂಟೆಯಾಯಿತು. ಅವಳು ಹೋಗಿ ಹಗ್ಗ ಹಿಡಿದಳು. ಮೊಣಕೈವರೆಗೆ ರಕ್ತ, ಚರಂಡಿ. ತೊಟ್ಟಿಕ್ಕುತ್ತಿತ್ತು.

ಹೆಡ್ ಮೇಡಂ ಕರವಸ್ತ್ರ ಮೂಗಿಗೆ ಒತ್ತಿದರು. ಕೈ ತೊಳೆದು ಬಾ ಎಂದರು. ಅವಳು ಅಲ್ಲಾಡಲಿಲ್ಲ. ಪರದೆ ತೆಗಿ ಎಂದರು. ಆಗ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. ಉಸಿರು ತುಂಬಿಕೊಂಡಳು. ದುಪ್ಪಟಿಯ ಹಿಂದೆ ಅಷ್ಟು ದಿನ ಒಳಗೇ ಇಟ್ಟುಕೊಂಡಿದ್ದನ್ನು ಬಿಟ್ಟಳು.

‘ಅಪ್ಪನ ಬೂಟು ಕೊಡಿ. ಬೂಟು ಬರೋವರೆಗೆ ಪರದೆ ತೆಗೆಯಲ್ಲ.’

ಕೊನೇ ಸಾಲಿನವರು ತಿರುಗಿ ನೋಡಿದರು.

ಆನೆ ಬರಲಿಲ್ಲ. ಬೇಕಿರಲಿಲ್ಲ. ಅವಳ ಕೈಯಿಂದ ಹಗ್ಗ ಕಿತ್ತುಕೊಳ್ಳಲು ಒಬ್ಬ ಮನುಷ್ಯ ಸಾಕಿತ್ತು. ಹೆಡ್ ಮೇಡಂ ಜವಾನನ ಕಡೆ ನೋಡಿದರು. ಜವಾನ ಗಣಿತದವರ ಕಡೆ ನೋಡಿದ. ಗಣಿತದವರು ತಮ್ಮ ಕೈ ನೋಡಿಕೊಂಡರು. ಹಗ್ಗದ ಮೇಲೆ ಅವಳು ಹಿಡಿದಲ್ಲೆಲ್ಲ ಅಂಟಿತ್ತು. ಚೊಕ್ಕ ಮಾಡುವ ಕೈಗೆ ನಮನ ಮಾಡಲು ಬಂದವರು ಅಷ್ಟೊಂದು ಮಂದಿ. ಆ ಕೈ ಮುಟ್ಟಿದ ಹಗ್ಗವನ್ನು ಯಾರೂ ಮುಟ್ಟಲಿಲ್ಲ.

ಕೊನೆಗೆ ಡಾಕ್ಟರ ಮಗ ನೆಲದ ಮೇಲೆ ಕೂತ. ‘ಇದು ಅವರದಾ? ಮತ್ತೆ ಅವರು ಏನು ಹಾಕ್ಕೊಂಡು ಇಳಿದಿದಾರೆ?’ ಎಂದ. ಅವನೇ ಬೂಟು ಎಳೆದು ತೆಗೆದ. ಆ ಮಗು ಮಾಡಿದ ಪರಕಾಯ ಪ್ರವೇಶ ಅದೊಂದೇ, ಅದನ್ನು ಪರದೆಯ ಈಚೆ ಯಾರೂ ನೋಡಲಿಲ್ಲ. ಅವಳು ಬೂಟನ್ನು ಬಾಗಿಲಿಂದ ಮಾವನ ಕಡೆಗೆ ಎಸೆದಳು. ಆಮೇಲೆ ಪರದೆ ತೆರೆದಳು. ಕಾಲು, ಅರ್ಧ, ಮುಕ್ಕಾಲು, ಪೂರ್ತಿ. ಡಾಕ್ಟರ ಮಗ ಬರಿಗಾಲಲ್ಲಿ ನಿಂತು ಮಾತು ಮರೆತ. ಜನ ಚಪ್ಪಾಳೆ ತಟ್ಟಿದರು. ಎಂಥ ನೈಜ ಅಭಿನಯ ಎಂದರು.

ಮ‌ರುದಿನದಿಂದ ಬಿಟ್ಟಿ ಬೆಂಚಿಗೆ ಕಲೆ ಇಲ್ಲ. ಕುಂಚ ತೊಳೆಯುವುದೂ ಇಲ್ಲ. ಇವರಿಗೆ ಬಾಯಿ ಜಾಸ್ತಿ ತೆರೆದುಬಿಟ್ಟಿದೆ ಎಂದರು ಹೆಡ್ ಮೇಡಂ. ಆ ಬೆಂಚಿನ ಮಕ್ಕಳೇ ಈಗ ಟಾರ್ಪಾಲಿನ ಹಿಂದೆ ಇರುವವರು.

ಶೆಡ್ಡಿನಲ್ಲಿ ಬುರುಡೆ ಬೂಟಿನ ಮೇಲೆ ಒಣಗಿದ ಕಂದು ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದ. ಎಷ್ಟು ಗುಂಡಿ ಇಳಿದರೂ ಅದು ಪೂರ್ತಿ ಹೋಗಿರಲಿಲ್ಲ.

‘ನನ್ನ ದನಿ ಗುಂಡಿಯೊಳಗೆ ಕೇಳಿಸ್ತಾ ಅಪ್ಪ?’ ಎಂದಳು ಮಗಳು. ಇದನ್ನು ಅವಳು ಈವರೆಗೆ ಕೇಳಿರಲಿಲ್ಲ.

‘ಕೇಳಿಸ್ತು.’

‘ಮತ್ತೆ ಯಾಕೆ ಮೇಲೆ ಬರಲಿಲ್ಲ? ಆವಾಗ ನಾನೊಬ್ಬಳೇ ಇದ್ದೆ.’

ಬುರುಡೆ ಬಾಯಿ ತೆರೆದ. ಆನೆ, ಕ್ರೇನು ಎಲ್ಲ ನಾಲಿಗೆಯ ತುದಿಗೆ ಬಂದಿರಬೇಕು. ನುಂಗಿಕೊಂಡ.

‘ಮಾತು ತಿಳೀಲಿಲ್ಲ ಮಗಳೇ, ದನಿ ಮಾತ್ರ ಬಂತು. ನಾಟಕ ಶುರುವಾಯ್ತು ಅಂದ್ಕೊಂಡೆ. ಅಷ್ಟು ಗಟ್ಟಿಯಾಗಿ ಮಾತಾಡೋರು ನಮ್ಮ ಪೈಕಿ ಯಾರಿದ್ರು?’ ಬೂಟನ್ನು ಕೆಳಗಿಟ್ಟ. ‘ಯಾರೋ ದೊಡ್ಡವರ ಮಗು ಅಂದ್ಕೊಂಡೆ.’